60 ಎಂದು ಬರೆದು 45 ಕಳುಹಿಸಿದ ಬೀಗ: ಮುಂಬಾಗಿಲಿನ ದುರಸ್ತಿಯ ದಿನಚರಿ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಮುಂಬಾಗಿಲಿಗೆ ಹೊಸ ಬೀಗ ಕೂರಿಸುವ ಕೆಲಸ ಒಂದು ಮಧ್ಯಾಹ್ನದ್ದು ಎಂದು ನಾನು ಎಣಿಸಿದ್ದೆ. ಅದು ಏಪ್ರಿಲ್ 5ಕ್ಕೆ ಆರಂಭವಾಗಿ ಜೂನ್ ತಿಂಗಳ ಮಳೆಯವರೆಗೆ ಎಳೆಯಿತು. ಕೆಲಸದ ನಡುವೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದನ್ನು ಇಲ್ಲಿ ದಿನಾಂಕದ ಕ್ರಮದಲ್ಲಿ ಬರೆದಿದ್ದೇನೆ. ಅಳತೆಗಳೆಲ್ಲ ವರ್ನಿಯರ್ ಕ್ಯಾಲಿಪರ್ ಅಥವಾ ಉಕ್ಕಿನ ಅಳತೆಪಟ್ಟಿಯಿಂದ ತೆಗೆದವು, ಬೆಲೆಗಳು ರಶೀದಿಯಲ್ಲಿರುವವು. ತಪ್ಪುಗಳಲ್ಲಿ ಮಾರಿದವರದು ಎಷ್ಟೋ ನನ್ನದೂ ಅಷ್ಟೇ ಇದೆ, ಆದ್ದರಿಂದ ಎರಡನ್ನೂ ಬಿಡದೆ ಬರೆದಿದ್ದೇನೆ.

1. ಏಪ್ರಿಲ್ 5 ಮತ್ತು 6, 2025: ಹಳೆಯ ಬೀಗ ಬಿಚ್ಚಿದ್ದು

ಬಾಗಿಲು ಸಾಗವಾನಿಯದು. 1998ರಲ್ಲಿ ಮನೆ ಕಟ್ಟಿಸಿದಾಗ ಅಪ್ಪ ನಮ್ಮ ಓಣಿಯ ಬಡಿಗೇರ ಕಾಕಾ ಅವರ ಕೈಯಿಂದ ಮಾಡಿಸಿದ್ದು. ದಪ್ಪ 35 ಮಿ.ಮೀ., ಬೀಗ ಕೂರುವ ನಿಲುವು ಪಟ್ಟಿಯ ಅಗಲ 125 ಮಿ.ಮೀ. ಅದರಲ್ಲಿದ್ದದ್ದು ಬಾಗಿಲಿನ ಅಂಚಿನೊಳಗೆ ಹುದುಗಿ ಕೂರುವ, ಆರು ಲಿವರಿನ (ಚಾವಿ ಎತ್ತುವ ಒಳಗಿನ ತಗಡುಗಳ) ಮಾರ್ಟಿಸ್ ಲಾಕ್. ಮೂರು ಚಾವಿಗಳಲ್ಲಿ ಒಂದೇ ಉಳಿದಿತ್ತು, ಅದನ್ನೂ ಚಳಿಗಾಲದಿಂದ ಈಚೆಗೆ ಅಲುಗಾಡಿಸಿ ಅಲುಗಾಡಿಸಿ ತಿರುಗಿಸಬೇಕಾಗುತ್ತಿತ್ತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಕಚೇರಿ ಮುಗಿಸಿ ಮನೆಗೆ ಬಂದು ಚಾವಿ ಹಾಕಿದರೆ ಅದು ಅರ್ಧಕ್ಕೆ ತಿರುಗಿ ನಿಂತುಬಿಟ್ಟಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವ್ವ ಹಿತ್ತಲ ಬಾಗಿಲು ತೆಗೆದ ಮೇಲೆ ಒಳಗೆ ಹೋಗಿ ನೋಡಿದೆ. ಬೇಸಿಗೆಗೆ ಕಟ್ಟಿಗೆ ಒಣಗಿ ಬಾಗಿಲಿಗೂ ಚೌಕಟ್ಟಿಗೂ ನಡುವೆ 5 ಮಿ.ಮೀ. ಸಂದು ಬಿದ್ದಿತ್ತು. ಅದರಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ, ಅರ್ಧ ಹೊರಬಂದಿದ್ದ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಬೋಲ್ಟ್ ಪೂರ್ತಿ ಹೊರಗೆ ಬಂದು ಲಿವರುಗಳು ಅದನ್ನು ಹಿಡಿದಿದ್ದರೆ ಹೀಗೆ ತಳ್ಳಲು ಆಗುತ್ತಿರಲಿಲ್ಲ.

ಬೀಗವನ್ನು ಹೊರತೆಗೆದು ಮುಚ್ಚಳ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ಲಿವರುಗಳೆಲ್ಲ ಕಂದು ಬಣ್ಣದ ಅಂಟಿನಲ್ಲಿ ಒಂದಕ್ಕೊಂದು ಹತ್ತಿಕೊಂಡು ಒಂದೇ ಬಿಲ್ಲೆಯಂತಾಗಿದ್ದವು. ಅವ್ವ ವರ್ಷಕ್ಕೆ ಎರಡು ಸಲ ದೀಪಾವಳಿಗೂ ಯುಗಾದಿಗೂ ಚಾವಿಯ ತೂತಿಗೆ ಕುಸುಬಿ ಎಣ್ಣೆ ಬಿಡುತ್ತಿದ್ದಳು, ನಾನೂ ಬಿಟ್ಟಿದ್ದೇನೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಅದಕ್ಕೆ ನಮ್ಮ ಎರೆಮಣ್ಣಿನ ಧೂಳು ಸೇರಿದರೆ ಅರಗಿನಂತೆಯೇ ಕೂರುತ್ತದೆ. ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿಟ್ಟಾಗ ಐದು ಲಿವರುಗಳು ಬಿಟ್ಟುಕೊಂಡವು, ಆರನೆಯದರ ಸ್ಪ್ರಿಂಗ್ ಮುರಿದಿತ್ತು. ಅಷ್ಟು ಚಿಕ್ಕ ಸ್ಪ್ರಿಂಗ್ ಒಂದನ್ನೇ ಹುಡುಕುತ್ತ ತಿರುಗುವುದಕ್ಕಿಂತ ಹೊಸ ಬೀಗವೇ ಲೇಸು ಎಂದು ತೀರ್ಮಾನಿಸಿದೆ.

ಹಳೆಯ ಬೀಗದ ಬಗ್ಗೆ ನನಗಿದ್ದ ಇನ್ನೊಂದು ತಕರಾರೂ ಈ ತೀರ್ಮಾನಕ್ಕೆ ಕಾರಣ. ಬಾಗಿಲಿನ ಅಂಚಿನಿಂದ ಚಾವಿಯ ತೂತಿನ ನಡುವಿನವರೆಗೆ ಇರುವ ದೂರಕ್ಕೆ ಬ್ಯಾಕ್‌ಸೆಟ್ ಎನ್ನುತ್ತಾರೆ. ಹಳೆಯದರಲ್ಲಿ ಅದು 45 ಮಿ.ಮೀ. ಇದ್ದುದರಿಂದ ಹಿಡಿಕೆ ಚೌಕಟ್ಟಿಗೆ ತೀರ ಹತ್ತಿರವಿತ್ತು, ಅವಸರದಲ್ಲಿ ಬಾಗಿಲು ಎಳೆದರೆ ಬೆರಳ ಗೆಣ್ಣು ಚೌಕಟ್ಟಿಗೆ ತರಚುತ್ತಿತ್ತು. 60 ಮಿ.ಮೀ. ಬ್ಯಾಕ್‌ಸೆಟ್ ಇರುವ ಬೀಗ ಹಾಕಿದರೆ ಹಿಡಿಕೆ 15 ಮಿ.ಮೀ. ಒಳಗೆ ಸರಿಯುತ್ತದೆ. 125 ಮಿ.ಮೀ. ಪಟ್ಟಿಯಲ್ಲಿ ಅದಕ್ಕೆ ಜಾಗ ಸಾಕಷ್ಟಿದೆ.

ಅದೇ ಸಂಜೆ ಆನ್‌ಲೈನಿನಲ್ಲಿ ಒಂದನ್ನು ಆರಿಸಿದೆ. ಗರಿಷ್ಠ ಬೆಲೆ ₹5,999 ಎಂದು ಹೊಡೆದುಹಾಕಿ ₹2,499 ಎಂದು ಬರೆದಿದ್ದರು. ವಿವರಣೆಯಲ್ಲಿ ಹೇಳಿದ್ದು ಇಷ್ಟು: ಹಿಡಿಕೆಗಳು ಗಟ್ಟಿ ಹಿತ್ತಾಳೆಯವು, ಬೀಗದ ಪೆಟ್ಟಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಬ್ಯಾಕ್‌ಸೆಟ್ 60 ಮಿ.ಮೀ., ಹಿಡಿಕೆಯಿಂದ ಚಾವಿಗೆ 85 ಮಿ.ಮೀ., ಸಿಲಿಂಡರ್ (ಚಾವಿ ಹೊಕ್ಕು ತಿರುಗುವ ಭಾಗ) 70 ಮಿ.ಮೀ., ಮೂರು ಚಾವಿ. ಪೆಟ್ಟಿಗೆಯ ಅಳತೆಗಳ ನಕ್ಷೆಯೂ ಇತ್ತು. ಯುಪಿಐ ಮೂಲಕ ಹಣ ಕಟ್ಟಿದೆ. ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಂಡೆನೇ ಹೊರತು ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿಲ್ಲ. ಮೊದಲ ತಪ್ಪು ಅದು.

2. ಏಪ್ರಿಲ್ 9 ಮತ್ತು 10: ಬೀಗ ಬರುವ ಮೊದಲೇ ಬಾಗಿಲು ಕೊರೆದದ್ದು

ಎರಡನೆಯದು ಮತ್ತು ದೊಡ್ಡ ತಪ್ಪು ಇದು. ಬೀಗ 12ಕ್ಕೆ ತಲುಪುವುದಾಗಿ ಸಂದೇಶ ಬಂದಿತ್ತು. ಮಧ್ಯಾಹ್ನ ಬಿಡುವಿತ್ತು, ನಕ್ಷೆ ಕೈಯಲ್ಲಿತ್ತು. ಬಾಗಿಲಿನ ಅಂಚಿನಲ್ಲಿ ಬೀಗ ಕೂರುವ ಗೂಡನ್ನು ಮುಂಚಿತವಾಗಿ ಹಿಗ್ಗಿಸಿಟ್ಟರೆ ಬೀಗ ಬಂದ ದಿನವೇ ಕೂರಿಸಬಹುದು ಎಂದು ಹೊರಟೆ.

ಬಳಸಿದ ಸಲಕರಣೆಗಳು: ಕೈ ಡ್ರಿಲ್, ಹೊಸದಾಗಿ ಕೊಂಡ 16 ಮಿ.ಮೀ. ಚಪ್ಪಟೆ ಬಿಟ್ (₹140), 12 ಮತ್ತು 19 ಮಿ.ಮೀ. ಉಳಿಗಳು, ಕಟ್ಟಿಗೆಯ ಕೊಡತಿ, ಮೂಲೆಮಟ್ಟ. ಹಳೆಯ ಗೂಡು 100 ಮಿ.ಮೀ. ಎತ್ತರ, 72 ಮಿ.ಮೀ. ಆಳವಿತ್ತು. ನಕ್ಷೆಯ ಪ್ರಕಾರ ಅದನ್ನು 165 ಎತ್ತರ, 90 ಆಳಕ್ಕೆ ಹಿಗ್ಗಿಸಬೇಕು. ಕೆಳಗಡೆ 30 ಮಿ.ಮೀ. ಬಿಟ್ಟರೆ ಬಾಗಿಲಿನ ನಡುವಿನ ಅಡ್ಡಪಟ್ಟಿ ನಿಲುವು ಪಟ್ಟಿಯೊಳಗೆ ಹೊಕ್ಕು ಕೂತಿರುವ ಜೋಡಣೆ ಇದೆ. ಅದಕ್ಕೆ ಉಳಿ ತಾಗಿದರೆ ಬಾಗಿಲಿನ ಬಲವೇ ಹೋಗುತ್ತದೆ, ಹಾಗಾಗಿ ಹೆಚ್ಚುವರಿ 65 ಮಿ.ಮೀ.ನ್ನು ಪೂರ್ತಿ ಮೇಲಕ್ಕೇ ತೆಗೆದುಕೊಂಡೆ. ಈ ಒಂದು ನಿರ್ಧಾರದ ಬಗ್ಗೆ ನನಗೆ ಈಗಲೂ ಸಮಾಧಾನವಿದೆ.

ಬಿಟ್ಟಿಗೆ 92 ಮಿ.ಮೀ. ದೂರದಲ್ಲಿ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡು ಒಂದರ ಕೆಳಗೊಂದು ತೂತು ಕೊರೆದು, ನಡುವೆ ಉಳಿದ ಕಟ್ಟಿಗೆಯನ್ನು ಉಳಿಯಿಂದ ಕೆತ್ತಿದೆ. ಡ್ರಿಲ್ ನೆಟ್ಟಗಿದೆಯೇ ಎಂದು ಕಣ್ಣಳತೆಯಿಂದಲೇ ನೋಡಿಕೊಂಡಿದ್ದರಿಂದ ಮೇಲಿನ ಎರಡು ತೂತುಗಳು ಹೊರಮುಖದ ಕಡೆಗೆ 3 ಮಿ.ಮೀ. ವಾಲಿದವು. ಎರಡೂ ಬದಿಗೆ ಒಂಬತ್ತೂವರೆ ಮಿ.ಮೀ. ಉಳಿಯಬೇಕಾದಲ್ಲಿ ಹೊರಬದಿಗೆ ಆರೂವರೆ ಉಳಿಯಿತು. 12 ಮಿ.ಮೀ. ಉಳಿ ಕೈ ಜಾರಿ ಶಹಾಬಾದ್ ಫರಸಿಯ ಮೇಲೆ ಬಿದ್ದು ಮೂಲೆ ಮುರಿಯಿತು. ಅದನ್ನು ಸಾಣೆ ಹಿಡಿಯುವುದರಲ್ಲಿ ಒಂದು ಗಂಟೆ ಹೋಯಿತು.

ಮರುದಿನ ಅಂಚಿನಿಂದ 60 ಮಿ.ಮೀ.ಗೆ ಸರಿಯಾಗಿ ಗೆರೆ ಎಳೆದು ಸಿಲಿಂಡರಿಗಾಗಿ 18 ಮಿ.ಮೀ. ತೂತು ಆರಪಾರ ಕೊರೆದೆ. ರಾತ್ರಿ ಒಳಗಿನ ಚಿಲಕವೇ ಆಧಾರ. ಹಗಲು ಎಲ್ಲರೂ ಹೊರಗೆ ಹೋಗಬೇಕಾದರೆ ಇರಲಿ ಎಂದು ಹೊರಬದಿಗೆ ₹85ರ ಕಬ್ಬಿಣದ ಕೊಂಡಿ ಬಡಿದು ಮನೆಯಲ್ಲಿದ್ದ ತೂಗುಬೀಗ ಹಾಕಿದೆ.

3. ಏಪ್ರಿಲ್ 12: ಡಬ್ಬಿ ತೆರೆದದ್ದು

ಬಾಗಿಲಿನ ಅಂಚಿಗೆ ಬರುವ ಮುಖಪಟ್ಟಿಯಿಂದ ಸಿಲಿಂಡರಿನ ನಡುವಿಗೆ ಕ್ಯಾಲಿಪರ್ ಹಿಡಿದರೆ 45 ತೋರಿಸಿತು. ತಪ್ಪು ಅಂಚಿನಿಂದ ಅಳೆದೆನೇನೋ ಎಂದು ಉಕ್ಕಿನ ಪಟ್ಟಿಯಿಂದ ಮತ್ತೆ ಅಳೆದೆ. 45. ಪೆಟ್ಟಿಗೆಯ ಆಳ 73 ಮಿ.ಮೀ., ಅಂದರೆ ನಾನು ಕೊರೆದ ಗೂಡಿನಲ್ಲಿ ಹಿಂದುಗಡೆ 19 ಮಿ.ಮೀ. ಪೊಳ್ಳು. ಡಬ್ಬಿಯ ಮೇಲಿನ ಚೀಟಿಯಲ್ಲಿ ಬ್ಯಾಕ್‌ಸೆಟ್ ಎಂಬ ಮಾತೇ ಇರಲಿಲ್ಲ. ಸಿಲಿಂಡರ್ ಸಹ 70 ಅಲ್ಲ, 60.

ಆ ಸಂಜೆ ಬಡಿಗೇರ ಕಾಕಾ ಅವರನ್ನು ಕರೆತಂದೆ. ಅವರು ಬೀಗವನ್ನು ನೋಡುವ ಮೊದಲು ಬಾಗಿಲನ್ನು ನೋಡಿದರು, ಬಗ್ಗಿ ಹೊಸ ತೂತಿಗೆ ಕಣ್ಣಿಟ್ಟರು.

“ಬೇವಿನ ಗಿಡ ಛಲೋ ಕಾಣ್ತದ. ಕೀಲಿ ಕೈಗೆ ಬರೂದಕ್ಕಿಂತ ಮೊದಲೇ ಉಳಿ ಹಚ್ಚೀಯೇನು ತಮ್ಮಾ?”

“ಹೌದ್ರಿ ಕಾಕಾ, ಚಿತ್ರದಾಗ ಅಳತಿ ಕೊಟ್ಟಿದ್ರು.”

“ಚಿತ್ರಕ್ಕ ಬಾಗಿಲ ಮಾಡಿದ್ರ ಚಿತ್ರದಾಗೇ ಕೀಲಿ ಹಾಕ್ಕೋಬೇಕಾಗ್ತದ.”

ಬಂದಿರುವ ಬೀಗವನ್ನೇ ಹಳೆಯ ಜಾಗಕ್ಕೆ ಕೂರಿಸಿದರೆ ಹೇಗೆ ಎಂದು ಸ್ಕ್ರೂ ಹಾಕದೆ ಹಿಡಿದು ನೋಡಿದೆವು. ಹಿಡಿಕೆಯ ತಗಡುಪಟ್ಟಿ 42 ಮಿ.ಮೀ. ಅಗಲವಿದೆ. ಅದರ ನಡುಗೆರೆ ಅಂಚಿನಿಂದ 45ಕ್ಕೆ ನಿಂತರೆ ಪಟ್ಟಿ 24ರಿಂದ 66ರವರೆಗೆ ಮುಚ್ಚುತ್ತದೆ. ನನ್ನ ತೂತು 51ರಿಂದ 69ರವರೆಗಿದೆ. ಹಾಗಾಗಿ ಪಟ್ಟಿಯ ಪಕ್ಕದಲ್ಲಿ 3 ಮಿ.ಮೀ. ಅಗಲದ ಓರೆ ಸಂದು ತೆರೆದೇ ಉಳಿಯಿತು. ಸಂಜೆಯ ಬಿಸಿಲು ಹೊರಗಿನಿಂದ ಬೀಳುತ್ತಿದ್ದುದರಿಂದ ಅದು ಬಾಗಿಲಿನಲ್ಲಿ ಬಿದಿಗೆಯ ಚಂದ್ರನಂತೆ ಹೊಳೆಯಿತು. ಆ ದಾರಿ ಅಲ್ಲಿಗೇ ಮುಗಿಯಿತು.

4. ಏಪ್ರಿಲ್ 13: ಹಿತ್ತಾಳೆಯೋ ಅಲ್ಲವೋ

ಬ್ಯಾಕ್‌ಸೆಟ್ ಸುಳ್ಳಾದರೆ ಉಳಿದದ್ದು ಎಷ್ಟು ನಿಜ ಎಂಬ ಅನುಮಾನ ಹುಟ್ಟಿ, ಮೊದಲು ಆಯಸ್ಕಾಂತ ಹಿಡಿದೆ. ಪೆಟ್ಟಿಗೆಗೆ ಅದು ಟಕ್ಕನೆ ಅಂಟಿಕೊಂಡು, ಎಳೆದರೂ ಬಿಡದಷ್ಟು ಬಿಗಿಯಾಗಿ ನಿಂತಿತು. 304 ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಹೀಗೆ ಅಂಟುವುದಿಲ್ಲ, ಅದು ಲೇಪ ಕೊಟ್ಟ ಸಾದಾ ಉಕ್ಕು. ಹಿಡಿಕೆಗೆ ಅಂಟಲೇ ಇಲ್ಲ. ಹಾಗಾದರೆ ಹಿಡಿಕೆಯಾದರೂ ಹಿತ್ತಾಳೆಯದೇ ಎಂದು ನಾನು ಅರ್ಧ ದಿನ ಸಮಾಧಾನದಲ್ಲಿದ್ದೆ. ಇದೂ ತಪ್ಪು ತಿಳಿವಳಿಕೆಯೇ. ಸತುವಿನ ಮಿಶ್ರಲೋಹಕ್ಕೂ ಆಯಸ್ಕಾಂತ ಅಂಟುವುದಿಲ್ಲ, ಅಗ್ಗದ ಹಿಡಿಕೆಗಳನ್ನು ಎರಕ ಹೊಯ್ಯುವುದು ಬಹುಮಟ್ಟಿಗೆ ಅದರಿಂದಲೇ.

ಸಂಜೆ ಹಿಡಿಕೆಯ ಒಳಬದಿಗೆ, ಹೊರಗೆ ಕಾಣದ ಕಡೆ, ಅರದಿಂದ ನಾಲ್ಕು ಸಲ ಉಜ್ಜಿದೆ. ಹಳದಿ ಬಣ್ಣ ಪೊರೆಯಂತೆ ಎದ್ದು ಹೋಗಿ ಕೆಳಗೆ ಬೂದುಬಿಳಿ ಲೋಹ ಕಂಡಿತು. ಹಿತ್ತಾಳೆಯಾಗಿದ್ದರೆ ಎಷ್ಟು ಉಜ್ಜಿದರೂ ಹಳದಿಯೇ ಬರಬೇಕು.

ಅಷ್ಟಕ್ಕೂ ಉಜ್ಜದೆಯೇ ಇದನ್ನು ತಿಳಿಯುವ ದಾರಿಯಿತ್ತು, ಅದು ಹೊಳೆದದ್ದು ಉಜ್ಜಿದ ಮೇಲೆ. ಅಡುಗೆಮನೆಯ ತಕ್ಕಡಿಯಲ್ಲಿ ಹಿಡಿಕೆಯೊಂದನ್ನೇ ತೂಗಿದೆ, 158 ಗ್ರಾಂ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಹಿಡಿಕೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ತೂಗುಬಿಟ್ಟೆ. ಮೊದಲ ಸಲ ತಳಕ್ಕೆ ತಾಗಿ ಅಂಕಿ ನೂರರ ಆಚೆ ಹಾರಿತು. ಎರಡನೆಯ ಸಲ 24 ಗ್ರಾಂಗೆ ನಿಂತಿತು, ಅಂದರೆ ಹಿಡಿಕೆ ಆಕ್ರಮಿಸುವ ಜಾಗ 24 ಮಿ.ಲೀ. 158ನ್ನು 24ರಿಂದ ಭಾಗಿಸಿದರೆ ಸುಮಾರು 6.6, ಅಂದರೆ ಒಂದು ಮಿ.ಲೀ. ಜಾಗಕ್ಕೆ ಅಷ್ಟು ಗ್ರಾಂ ತೂಕ. ಹಿತ್ತಾಳೆಗೆ ಈ ಸಂಖ್ಯೆ 8.4ರಿಂದ 8.7ರೊಳಗೆ ಬರಬೇಕು. 6.6 ಎಂಬುದು ಸತುವಿನ ಮಿಶ್ರಲೋಹದ ಸಂಖ್ಯೆ. ಪಾತ್ರೆ ಪಲ್ಯದ್ದಾಗಿತ್ತು ಎಂದು ಅವ್ವನಿಂದ ಬೈಸಿಕೊಂಡದ್ದನ್ನು ಬಿಟ್ಟರೆ ಈ ಪರೀಕ್ಷೆಗೆ ಖರ್ಚಿಲ್ಲ, ವಸ್ತುವಿನ ಮೇಲೆ ಗುರುತೂ ಬೀಳುವುದಿಲ್ಲ.

ಅರದ ಗುರುತು ಮಾತ್ರ ಬಿದ್ದಾಗಿತ್ತು. ವಾಪಸು ಕೊಡಬೇಕಾದ ವಸ್ತುವಿಗೆ ಅರ ಹಚ್ಚಿದ್ದು ಮೂರನೆಯ ತಪ್ಪು. ಅದರ ಬೆಲೆ ಒಂಬತ್ತು ದಿನಗಳ ಮೇಲೆ ತಿಳಿಯಿತು.

5. ಏಪ್ರಿಲ್ 14ರಿಂದ 22: ವಾಪಸಿನ ಪಾಡು

ಅಂಬೇಡ್ಕರ್ ಜಯಂತಿಯ ರಜೆಯಿದ್ದುದರಿಂದ 14ರಂದು ಕೂತು ಗ್ರಾಹಕ ಸೇವೆಗೆ ಕರೆ ಮಾಡಿದೆ. ಕನ್ನಡಕ್ಕೆ ಎಂಬ ಗುಂಡಿ ಒತ್ತಿದಾಗ ಮಾತಿಗೆ ಸಿಕ್ಕವರು ಬೆಂಗಳೂರು ಕಡೆಯ ಕನ್ನಡದ ಹೆಣ್ಣುಮಗಳು. ನಾನು ಅಭ್ಯಾಸಬಲದಿಂದ “ಕೀಲಿ ಬೇರೆ ಬಂದದ್ರಿ, ಬಾಗಿಲಕ್ಕ ಹೊಂದವಲ್ದು” ಎಂದೆ. ನಮ್ಮ ಕಡೆ ಕೀಲಿ ಎಂದರೆ ಬೀಗ, ಅದನ್ನು ತೆಗೆಯುವುದು ಚಾವಿ ಅಥವಾ ಕೀಲಿಕೈ. ಅವರ ಕಡೆ ಕೀಲಿ ಎಂದರೆ ಚಾವಿಯೇ. ಅವರು ಬಹಳ ಸೌಜನ್ಯದಿಂದ ಎಲ್ಲ ಕೇಳಿಸಿಕೊಂಡು ದೂರು ಬರೆದುಕೊಂಡರು. ಆಮೇಲೆ ಬಂದ ಸಂದೇಶದಲ್ಲಿ ನೋಡಿದರೆ ‘ಚಾವಿ ಹೊಂದುತ್ತಿಲ್ಲ, ಬದಲಿ ಕಳುಹಿಸಲಾಗುವುದು’ ಎಂದಿತ್ತು. ಹಣ ವಾಪಸು ಕೇಳಬೇಕಾದ ಕಡೆ ಬದಲಿ ವಸ್ತುವಿಗೆ ಹೆಸರು ಹಚ್ಚಿದಂತಾಯಿತು. ಮತ್ತೆ ಕರೆ ಮಾಡಿ ತಿದ್ದಿಸಬೇಕಿತ್ತು. ಬದಲಿಯಾದರೂ 60ರದು ಬಂದರೆ ಕೆಲಸ ಮುಗಿಯಿತಲ್ಲ ಎಂಬ ಆಸೆಯಿಂದ ಸುಮ್ಮನಾದೆ.

19ರಂದು ಬದಲಿ ಬಂತು. ತಂದ ಹುಡುಗನನ್ನು ನೆರಳಿಗೆ ಕೂರಿಸಿ, ನೀರು ಕೊಟ್ಟು, ಅವನ ಎದುರಿಗೇ ಡಬ್ಬಿ ತೆರೆದು ಅಳೆದೆ: 45. ಅವನೂ ಬಗ್ಗಿ ಅಂಕಿ ನೋಡಿ “ಹಂಗೇ ಅದಲ್ರಿ ಅಣ್ಣಾ” ಎಂದ. ಅದನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿ, ಮೊದಲಿನದಕ್ಕೆ ಹಣ ವಾಪಸು ಕೇಳಿ, ಈ ಸಲ ಕಾರಣದ ಪಟ್ಟಿಯಲ್ಲಿ ‘ವಿವರಣೆಗಿಂತ ಬೇರೆ ವಸ್ತು’ ಎಂಬುದನ್ನು ನಾನೇ ಆರಿಸಿದೆ.

22ರಂದು ಒಯ್ಯಲು ಬಂದವರು ವಸ್ತುವನ್ನು ತಿರುವಿ ತಿರುವಿ ನೋಡಿ, ಹಿಡಿಕೆಯ ಒಳಬದಿಯ ಅರದ ಗುರುತಿನ ಫೋಟೋ ತೆಗೆದು, ‘ಬಳಸಿ ಹಾಳು ಮಾಡಲಾಗಿದೆ’ ಎಂದು ನಮೂದಿಸಿ ಖಾಲಿ ಕೈಯಲ್ಲಿ ಹೋದರು. ಅವರನ್ನು ದೂರುವಂತಿಲ್ಲ, ಅವರ ಫೋನಿನಲ್ಲಿದ್ದ ಪ್ರಶ್ನೆಗೆ ಅದೇ ಉತ್ತರ ಸರಿ.

6. ಏಪ್ರಿಲ್ 23ರಿಂದ ಮೇ 9: ಬರಹದ ದೂರು

ಆ ಹೊತ್ತಿಗೆ ಮಾರಾಟದ ಪುಟದಲ್ಲಿ ಬ್ಯಾಕ್‌ಸೆಟ್ ‘45/60’ ಎಂದು ಬದಲಾಗಿತ್ತು. ಸ್ಕ್ರೀನ್‌ಶಾಟ್ ಇಲ್ಲದೆ ಏನು ತೋರಿಸುವುದೆಂದು ಚಿಂತಿಸುತ್ತಿರುವಾಗ ಬಿಲ್ಲನ್ನು ತೆರೆದು ನೋಡಿದೆ. ವಸ್ತುವಿನ ಪೂರ್ತಿ ಹೆಸರು ಬಿಲ್ಲಿನಲ್ಲಿ ಅಚ್ಚಾಗಿತ್ತು, ಆ ಉದ್ದನೆಯ ಹೆಸರಿನಲ್ಲಿ ‘ಗಟ್ಟಿ ಹಿತ್ತಾಳೆ’ ಮತ್ತು ‘60 ಎಂಎಂ ಬ್ಯಾಕ್‌ಸೆಟ್’ ಎರಡೂ ಇದ್ದವು. ಪುಟವನ್ನು ತಿದ್ದಬಹುದು, ನನ್ನ ಇಮೇಲಿಗೆ ಬಂದು ಕೂತ ಬಿಲ್ಲನ್ನು ತಿದ್ದಲಾಗುವುದಿಲ್ಲ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆನ್‌ಲೈನ್ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ವಿಳಾಸ ಸಂಸ್ಥೆಯ ಪುಟದ ತೀರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಸಿಟ್ಟಿನ ಮಾತು ಒಂದನ್ನೂ ಬರೆಯದೆ, ನಾಲ್ಕು ಫೋಟೋ ಹಚ್ಚಿದೆ: ಮುಖಪಟ್ಟಿಗೆ ಅಳತೆಪಟ್ಟಿ ಹಿಡಿದು ಸಿಲಿಂಡರಿನ ನಡುವೆ 45 ಕಾಣುವಂಥದ್ದು, ಪೆಟ್ಟಿಗೆಗೆ ಅಂಟಿದ ಆಯಸ್ಕಾಂತದ್ದು, ನೀರಿನ ತೂಕದ್ದು, ಬಿಲ್ಲಿನದು. ಅರದ ಗುರುತನ್ನು ಮುಚ್ಚಿಡದೆ, ಲೋಹ ಪರೀಕ್ಷಿಸಲು ನಾನೇ ಉಜ್ಜಿದ್ದು ಎಂದೂ ಬರೆದೆ.

ಮರುದಿನ ಒಪ್ಪಿಗೆಯ ಪತ್ರ ಬಂತು, ಆಮೇಲೆ ಸದ್ದಿಲ್ಲ. 28ರಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ, ಈ ಸಲ ಕೀಲಿ ಎನ್ನದೆ ಬೀಗ ಎಂದೆ. ಮೇ 5ರಂದು ವಸ್ತುವನ್ನು ಒಯ್ದರು, 9ರಂದು ₹2,499 ಪೂರ್ತಿ ಖಾತೆಗೆ ಮರಳಿತು.

7. ಏಪ್ರಿಲ್ 26: ಅಂಗಡಿಯಲ್ಲಿ

ಇದು ನಡುವೆಯೇ ಆದದ್ದು. ಬಸವ ಜಯಂತಿಗೆ ಬೀಗರು ಬರುವವರಿದ್ದರು, ತೂತು ಬಿದ್ದ ಬಾಗಿಲನ್ನು ಅವರಿಗೆ ತೋರಿಸಲು ಅವ್ವ ಸಿದ್ಧಳಿರಲಿಲ್ಲ. ಬಿಸ್ಕತ್ತಿನ ಡಬ್ಬಿಯ ರಟ್ಟಿನಲ್ಲಿ ಗೂಡಿನ ಎತ್ತರ, ಆಳ, ತೂತಿನ ಜಾಗವನ್ನು ಅಳತೆಗೆ ಸರಿಯಾಗಿ ಕತ್ತರಿಸಿಕೊಂಡು ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದೆ. ಮೊದಲ ಎರಡರಲ್ಲಿ 45ರದೇ ಇದ್ದವು. ಮೂರನೆಯವರು ರಟ್ಟಿನ ಮೇಲೆ ಬೀಗವನ್ನಿಟ್ಟು ತೂತಿಗೆ ತೂತು ಕೂಡಿಸಿ ತೋರಿಸಿದರು. ಪೆಟ್ಟಿಗೆಯ ಆಳ 88, ಎತ್ತರ 168, ಬ್ಯಾಕ್‌ಸೆಟ್ 60.

ನಾನು 70 ಮಿ.ಮೀ. ಸಿಲಿಂಡರ್ ಕೇಳಿದಾಗ ಅವರು ಬಾಗಿಲಿನ ದಪ್ಪ ಕೇಳಿದರು. 35 ಎಂದೆ. ಹಿಡಿಕೆಯ ಪಟ್ಟಿಗಳು ಎರಡೂ ಸೇರಿ 20, ಒಟ್ಟು 55. ಅದಕ್ಕೆ 60ರ ಸಿಲಿಂಡರ್ ಹಾಕಿದರೆ ಪ್ರತಿ ಬದಿಗೆ ಎರಡೂವರೆ ಮಿ.ಮೀ. ಹೊರಗೆ ಕಾಣುತ್ತದೆ, 70ರದಾದರೆ ಏಳೂವರೆ. ಅಷ್ಟು ಹೊರಗೆ ಚಾಚಿದ ಸಿಲಿಂಡರನ್ನು ಇಕ್ಕಳದಲ್ಲಿ ಹಿಡಿದು ಮುರಿಯುವುದು ಕಳ್ಳರಿಗೆ ಸುಲಭ. ಅಂದರೆ ನಾನು ಆರಿಸಿದ್ದೇ ತಪ್ಪು ಅಳತೆ, ಆನ್‌ಲೈನಿನವರು ಸುಳ್ಳು ಹೇಳಿ ಕಳುಹಿಸಿದ್ದ 60ರ ಸಿಲಿಂಡರೇ ನಮ್ಮ ಬಾಗಿಲಿಗೆ ಸರಿಯಾದದ್ದು. ಇದನ್ನು ದೂರಿನಲ್ಲಿ ಬರೆಯುವ ಗೋಜಿಗೆ ನಾನು ಹೋಗಲಿಲ್ಲ.

ಬೀಗದ ಪೆಟ್ಟಿಗೆ ₹1,250, ಸಿಲಿಂಡರ್ ₹650, ಹಿಡಿಕೆಗಳ ಜೋಡಿ ₹1,900. ಚೌಕಾಸಿಯ ಮೇಲೆ ಎಲ್ಲ ಸೇರಿ ₹3,600ಕ್ಕೆ ಕೊಟ್ಟರು. ಮನೆಗೆ ತಂದು ಹಿಡಿಕೆಯನ್ನು ನೀರಿನಲ್ಲಿ ತೂಗಿದೆ, ಈ ಸಲ ಬೇರೆ ಪಾತ್ರೆಯಲ್ಲಿ. 212 ಗ್ರಾಂ, ನೀರಿನಲ್ಲಿ 25. ಸುಮಾರು 8.5.

8. ಏಪ್ರಿಲ್ 27: ಕೂರಿಸಿದ್ದು

ಭಾನುವಾರ ಬೆಳಿಗ್ಗೆ ಏಳಕ್ಕೆ ಕಾಕಾ ಬಂದರು. ಗೂಡಿನ ಮೇಲ್ತುದಿಯಲ್ಲಿ 4 ಮಿ.ಮೀ. ಕೆತ್ತಿ, ಮುಖಪಟ್ಟಿ ಅಂಚಿಗೆ ಸಮನಾಗಿ ಕೂರಲೆಂದು 3 ಮಿ.ಮೀ. ತಗ್ಗು ತೆಗೆದರು. ನಾನು ವಾಲಿಸಿ ಕೊರೆದಿದ್ದ ಕಡೆ ಪೆಟ್ಟಿಗೆ ಅಲುಗಾಡದಂತೆ ಸಾಗವಾನಿಯ 3 ಮಿ.ಮೀ. ಚಕ್ಕೆಯೊಂದನ್ನು ಫೆವಿಕಾಲ್ ಹಚ್ಚಿ ಒಳಗೋಡೆಗೆ ಅಂಟಿಸಿದರು. ಅವರು ಉಳಿ ಹಿಡಿಯುವ ರೀತಿಯನ್ನು ಹತ್ತಿರದಿಂದ ನೋಡಿದೆ. ಎಡಗೈಯ ತೋರುಬೆರಳು ಅಲಗಿನ ತುದಿಗೆ ಅರ್ಧ ಅಂಗುಲ ಹಿಂದೆ ಕಟ್ಟಿಗೆಗೆ ಒತ್ತಿ ನಿಂತಿರುತ್ತದೆ, ಬಲಗೈ ಬರೀ ತಳ್ಳುತ್ತದೆ. ಕೊಡತಿಯನ್ನು ಅವರು ಮುಟ್ಟಿದ್ದು ಎರಡೇ ಸಲ.

ಬಾಗಿಲು ಎಳೆದಾಗ ತಾನಾಗಿ ಸಿಕ್ಕಿಕೊಳ್ಳುವ ನಾಲಗೆಯ ಓರೆಮುಖ ತಿರುಗುಮುರುಗಾಗಿದ್ದುದು ಬಾಗಿಲು ಹಾಕಲು ಹೋದಾಗ ತಿಳಿಯಿತು. ಬಿಚ್ಚಿ, ನಾಲಗೆ ತಿರುಗಿಸಿ, ಮತ್ತೆ ಕೂರಿಸಿದೆವು.

ಚೌಕಟ್ಟಿನಲ್ಲಿ ಬೋಲ್ಟಿನ ತೂತು ಎಲ್ಲಿ ಬರಬೇಕೆಂಬುದಕ್ಕೆ ಕಾಕಾ ಅವ್ವನಿಂದ ಕುಂಕುಮ ಕೇಳಿದರು. ಎರಡು ಹನಿ ಎಣ್ಣೆಯಲ್ಲಿ ಕಲಸಿ ಬೋಲ್ಟಿನ ತುದಿಗೆ ಹಚ್ಚಿ, ಬಾಗಿಲು ಮುಚ್ಚಿ ಚಾವಿ ತಿರುಗಿಸಿದರೆ ಚೌಕಟ್ಟಿನ ಮೇಲೆ ಕೆಂಪು ಚೌಕ ಮೂಡಿತು. ಅದರ ಸುತ್ತ 1 ಮಿ.ಮೀ. ಹೆಚ್ಚು ಬಿಟ್ಟು 25 ಮಿ.ಮೀ. ಆಳಕ್ಕೆ ಕೊರೆದು, ಬೋಲ್ಟ್ ಹೊಗುವ ತೂತಿರುವ ತಗಡಿನ ಪಟ್ಟಿ ಬಡಿದೆವು. ಬೋಲ್ಟ್ ಎರಡು ಸುತ್ತಿಗೆ 20 ಮಿ.ಮೀ. ಹೊರಬರುತ್ತದೆ.

ಹೊಸ ಹಿಡಿಕೆಯ ಪಟ್ಟಿಯೂ 42 ಮಿ.ಮೀ. ಅಗಲದ್ದೇ. ಅದು ಅಂಚಿನಿಂದ 39ರಿಂದ 81ರವರೆಗೆ ಮುಚ್ಚುತ್ತದೆ. ಹಳೆಯ ಚಾವಿಯ ತೂತು 40ರಿಂದ ಆರಂಭವಾಗುವುದರಿಂದ ಒಂದು ಮಿ.ಮೀ. ಅಂತರದಲ್ಲಿ ಮರೆಯಾಯಿತು. ಹಳೆಯ ಪಟ್ಟಿಯ ನಾಲ್ಕು ಸ್ಕ್ರೂ ತೂತುಗಳು ಮಾತ್ರ ಹೊರಗೆ ಉಳಿದವು, ಅವಕ್ಕೆ ಕಟ್ಟಿಗೆಯ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಪಾಲಿಶ್ ಬಳಿದೆ (₹120). ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತವೆ.

ಕಾಕಾ ಅವರಿಗೆ ಅರ್ಧ ದಿನದ ಕೂಲಿ ₹600. ಬಿಟ್, ಕೊಂಡಿ, ಬೀಗ, ಪಾಲಿಶ್ ಎಲ್ಲ ಕೂಡಿ ಒಟ್ಟು ₹4,545 ಖರ್ಚಾಯಿತು. ಬೀಗ ಕೈಗೆ ಬರುವವರೆಗೆ ಕಾದಿದ್ದರೂ ಖರ್ಚು ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು, ಹದಿನೈದು ದಿನ ತೂತಿಗೆ ಬಟ್ಟೆ ತುರುಕುವ ಕೆಲಸ ತಪ್ಪುತ್ತಿತ್ತು.

9. ಜೂನ್ 18: ಮಳೆಯ ಮೇಲೆ

ಮೃಗಶಿರಾ ಮಳೆ ಎರಡು ದಿನ ಹಿಡಿದ ಮೇಲೆ ಬಾಗಿಲು ಉಬ್ಬಿ, ಬೋಲ್ಟ್ ಎರಡನೆಯ ಸುತ್ತಿನಲ್ಲಿ ಉಜ್ಜತೊಡಗಿತು. ಮತ್ತೆ ಕುಂಕುಮ ಹಚ್ಚಿ ನೋಡಿದೆ, ಪಟ್ಟಿಯ ತೂತಿನ ಕೆಳಂಚಿನಲ್ಲಿ ಗುರುತು ಮೂಡಿತು. ಬಾಗಿಲಿನ ಕಟ್ಟಿಗೆ ಮುಟ್ಟದೆ ಪಟ್ಟಿಯ ಆ ಅಂಚನ್ನು ಮಾತ್ರ ಅರದಿಂದ 1 ಮಿ.ಮೀ. ಉಜ್ಜಿದ ಮೇಲೆ ಚಾವಿ ಎರಡು ಬೆರಳಿಗೆ ತಿರುಗುತ್ತಿದೆ. ಸಿಲಿಂಡರಿಗೆ ಎಣ್ಣೆ ಬಿಡುವುದಿಲ್ಲ. ಮೆದು ಪೆನ್ಸಿಲ್ಲಿನ ಸೀಸವನ್ನು ಪುಡಿ ಮಾಡಿ ಚಾವಿಗೆ ಸವರಿ ನಾಲ್ಕು ಸಲ ಒಳಗೆ ಹೊರಗೆ ಆಡಿಸುತ್ತೇನೆ. ಕುಸುಬಿ ಎಣ್ಣೆಯ ಗಿಂಡಿಯನ್ನು ಬಾಗಿಲ ಮಗ್ಗುಲ ಗೂಡಿನಿಂದ ತೆಗೆದು ಅಡುಗೆಮನೆಗೆ ಸಾಗಿಸಿದ್ದೇನೆ. ಹೊರಗಿನ ₹85ರ ಕೊಂಡಿಯನ್ನು ಬಿಚ್ಚಲು ಹೋದರೆ ಅವ್ವ ಬಿಡಲಿಲ್ಲ, ಅದು ಹಾಗೆಯೇ ಇದೆ.